ಪಿತ್ತಕೋಶದಲ್ಲಿ ಸಾಸಿವೆಯಷ್ಟು ಕಲ್ಲು: ಆಪರೇಷನ್ ವೇಳೆ ಜಾರಿ ಹೋದರೆ?

ಪ್ರಶ್ನೆ: ನಾನು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚಾಣಿಕೆ ಮಾಡುವವನು. ನನ್ನ ಹೆಂಡತಿಗೆ 42 ವರ್ಷ. ಯುಗಾದಿಯ ಮಾರನೇ ದಿನ, ವರ್ಷದ ತೊಡಕಿನ ಊಟ ಮಾಡಿದ ರಾತ್ರಿ, ಬಲಪಕ್ಕೆಯ ಕೆಳಗೆ ತಡೆಯಲಾಗದ ನೋವು, ವಾಂತಿ ಬಂತು. ಆಮೇಲೆ ಇನ್ನೂ ಎರಡು ಸಲ ಬಂದಿದೆ. ಸ್ಕ್ಯಾನ್ ಮಾಡಿಸಿದರೆ ಪಿತ್ತಕೋಶದಲ್ಲಿ 2ರಿಂದ 4 ಮಿಲಿಮೀಟರಿನ ಕಲ್ಲುಗಳು ತುಂಬಾ ಇವೆ ಅಂದರು. ಕೀಹೋಲ್ ಆಪರೇಷನ್ ಮಾಡಬೇಕಂತೆ. ‘ದೊಡ್ಡ ಕಲ್ಲಿಗಿಂತ ಸಣ್ಣದರದ್ದೇ ಕಿತಾಪತಿ ಜಾಸ್ತಿ’ ಅಂದರು ಡಾಕ್ಟರು. ನಮ್ಮ ಬೀದಿಯಲ್ಲೇ ಒಬ್ಬರಿಗೆ ಆಪರೇಷನ್ ಆದ ತಿಂಗಳಿಗೆ ಕಾಮಾಲೆ ಬಂತು, ಕಲ್ಲು ಒಳಗೇ ಉಳಿದಿತ್ತಂತೆ. ಇನ್ನೊಬ್ಬರು, ಆಪರೇಷನ್ ಮಾಡುವಾಗ ಕಲ್ಲೆಲ್ಲ ಹೊಟ್ಟೆಯೊಳಗೆ ಚೆಲ್ಲುತ್ತೆ ಅಂತಾರೆ. ಇದೆಲ್ಲ ನಿಜಾನಾ? ನಮ್ಮ ಡಾಕ್ಟರನ್ನು ಏನಂತ ಕೇಳಬೇಕು? ತೆಗೆದ ಕಲ್ಲು ನಮಗೆ ತೋರಿಸುತ್ತಾರಾ?

ಉತ್ತರ: ನಿಮ್ಮ ಡಾಕ್ಟರು ಹೇಳಿದ್ದು ಸರಿ. ಕೇಳುವವರಿಗೆ ವಿಚಿತ್ರ ಅನಿಸುತ್ತೆ, ಅಲ್ವಾ? ಗೋಲಿಯಷ್ಟು ಕಲ್ಲು ಇದ್ದವರು ಆರಾಮಾಗಿ ಓಡಾಡುತ್ತಾರೆ, ಸಾಸಿವೆಯಷ್ಟು ಇದ್ದವರು ಐಸಿಯುನಲ್ಲಿ ಮಲಗುತ್ತಾರೆ. ಕಾರಣ ಸರಳ. ದೊಡ್ಡ ಕಲ್ಲಿಗೆ ಹೊರಗೆ ಹೋಗುವ ದಾರಿ ಇಲ್ಲ. ಸಣ್ಣದಕ್ಕೆ ಇದೆ.

ಪಿತ್ತಕೋಶ ಅಂದರೆ ಲಿವರ್ ಕೆಳಗೆ ಅಂಟಿಕೊಂಡಿರುವ ಒಂದು ಪುಟ್ಟ ಚೀಲ. ಲಿವರ್ ದಿನಕ್ಕೆ ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೆ ಪಿತ್ತರಸ ಮಾಡುತ್ತದೆ. ಅದರಲ್ಲಿ ಸ್ವಲ್ಪವನ್ನು ಈ ಚೀಲ ಗಟ್ಟಿ ಮಾಡಿ ಇಟ್ಟುಕೊಳ್ಳುತ್ತದೆ. ಎಣ್ಣೆ, ಕೊಬ್ಬು ಹೊಟ್ಟೆಗೆ ಬಿದ್ದಾಗ ಚೀಲ ಹಿಂಡಿಕೊಂಡು ರಸವನ್ನು ಹೊರಗೆ ಬಿಡುತ್ತದೆ. ಬಾಡೂಟದ ರಾತ್ರಿ ನೋವು ಬಂದದ್ದು ಅದಕ್ಕೇ. ಚೀಲದ ಬಾಯಲ್ಲಿ ಕಲ್ಲು ಕೂತಿತ್ತು, ಹಿಂದಿನಿಂದ ಚೀಲ ಹಿಂಡುತ್ತಿತ್ತು.

ಆ ಬಾಯಿಂದ ಒಂದು ಕಿರುನಾಳ ಹೊರಡುತ್ತದೆ. ಒಳಗಿನ ಅಗಲ 2–3 ಮಿಲಿಮೀಟರ್ ಅಷ್ಟೇ, ಜೊತೆಗೆ ಒಳಗೆಲ್ಲ ತಿರುಚಿದ ಮಡಿಕೆಗಳು. ಅದು ಹೋಗಿ ಲಿವರ್‌ನಿಂದ ಬರುವ ದೊಡ್ಡ ಪಿತ್ತನಾಳಕ್ಕೆ ಸೇರುತ್ತದೆ. ದೊಡ್ಡ ನಾಳ ಕರುಳಿಗೆ ಸೇರುವ ಜಾಗದಲ್ಲೇ ಮೇದೋಜೀರಕ ಗ್ರಂಥಿಯ ನಾಳವೂ ಬಂದು ಕೂಡುತ್ತದೆ. ಎರಡಕ್ಕೂ ಬಾಗಿಲು ಒಂದೇ. ಈಗ ನಿಮ್ಮ ಮನೆಯವರ ಕಲ್ಲುಗಳನ್ನು ಅಳೆದು ನೋಡಿ. 2 ಮಿಲಿಮೀಟರ್ ಅಂದರೆ ಸಾಸಿವೆ, 4 ಅಂದರೆ ಹೆಸರುಕಾಳು. ಸಾಸಿವೆ ಆ ನಾಳದಲ್ಲಿ ಜಾರಿಯೇ ಹೋಗುತ್ತದೆ. ಹೆಸರುಕಾಳೂ ನುಸುಳುತ್ತದೆ, ಯಾಕೆಂದರೆ ನಾಳ ಹಿಗ್ಗುತ್ತದೆ. ಹೋಗಿ ಆ ಕೊನೆಯ ಬಾಗಿಲಲ್ಲಿ ಸಿಕ್ಕಿಕೊಂಡರೆ ಪಿತ್ತ ಹಿಂದಕ್ಕೆ ಉಕ್ಕುತ್ತದೆ, ಕಣ್ಣು ಹಳದಿಯಾಗುತ್ತದೆ. ಮೇದೋಜೀರಕವೂ ಊದಿಕೊಂಡರೆ ಅದು ಪ್ಯಾಂಕ್ರಿಯಾಟೈಟಿಸ್. ಅದು ಆಟವಲ್ಲ.

ಹಾಗಂತ ಸಣ್ಣ ಕಲ್ಲು ಕಂಡ ಕೂಡಲೇ ಎಲ್ಲರೂ ಆಪರೇಷನ್‌ಗೆ ಓಡಬೇಕಾಗಿಲ್ಲ. ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿಸಿದಾಗ ಕಲ್ಲು ಕಂಡು, ನೋವೇ ಇಲ್ಲದಿದ್ದರೆ, ಸಾಮಾನ್ಯವಾಗಿ ನಾವು ಸುಮ್ನೆ ನೋಡುತ್ತಾ ಇರುತ್ತೇವೆ. ನಿಮ್ಮ ಮನೆಯವರ ಲೆಕ್ಕ ಬೇರೆ. ಮೂರು ಸಲ ನೋವು ಬಂದಾಗಿದೆ, ಮತ್ತೆ ಬರುತ್ತದೆ. ಆಪರೇಷನ್ ಮಾಡಿಸಬೇಕು ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ.

ನೀವು ಕೇಳದಿದ್ದರೂ ಎರಡು ಮಾತು ಹೇಳಿಬಿಡುತ್ತೇನೆ. ಕೋಲಾರದ ನನ್ನ ಕ್ಲಿನಿಕ್ಕಿನಲ್ಲಿ ವಾರಕ್ಕೆ ಒಬ್ಬರಾದರೂ ಇದನ್ನು ಕೇಳುತ್ತಾರೆ. ‘ಬೋರ್‌ವೆಲ್ ನೀರು ಕುಡಿದು ಕಲ್ಲಾಗಿದೆ ಸಾರ್, ನಮ್ಮೂರ ನೀರಲ್ಲಿ ಪಾತ್ರೆಯೆಲ್ಲ ಬಿಳಿ ಕಟ್ಟುತ್ತೆ.’ ನಮ್ಮ ಎರಡೂ ಜಿಲ್ಲೆಗಳ ಕೊಳವೆಬಾವಿ ನೀರಿನ ಫ್ಲೋರೈಡ್ ಹಲ್ಲು, ಮೂಳೆ ಕೆಡಿಸುವುದು ನಿಜ. ಆದರೆ ಪಿತ್ತಕೋಶದ ಕಲ್ಲು ಪಾತ್ರೆಯ ಸುಣ್ಣದಿಂದ ಆಗುವುದಲ್ಲ. ಅದು ಪಿತ್ತರಸದೊಳಗಿನ ಕೊಲೆಸ್ಟ್ರಾಲ್ ಅಥವಾ ಬಣ್ಣದ ಪದಾರ್ಥ ಗಟ್ಟಿಯಾಗಿ ಆಗುವುದು. ಇನ್ನೊಂದು, ಬಾಳೆದಿಂಡಿನ ರಸ. ಕಿಡ್ನಿ ಕಲ್ಲಿಗೆ ಅಂತ ಮನೆಮನೆಯಲ್ಲೂ ಕುಡಿಯುತ್ತಾರೆ, ಕುಡಿಯಲಿ. ಪಿತ್ತಕೋಶಕ್ಕೂ ಮೂತ್ರದ ದಾರಿಗೂ ಸಂಬಂಧವೇ ಇಲ್ಲ. ಕರಗಿಸುವ ಮಾತ್ರೆ ಒಂದಿದೆ, ಅರ್ಸೋಡಿಆಕ್ಸಿಕೋಲಿಕ್ ಆಸಿಡ್. ಕೊಲೆಸ್ಟ್ರಾಲ್ ಕಲ್ಲಾಗಿ, ಸಣ್ಣದಾಗಿದ್ದರೆ ಮಾತ್ರ ಕೆಲಸ ಮಾಡುತ್ತದೆ. ತಿಂಗಳುಗಟ್ಟಲೆ, ಕೆಲವರಿಗೆ ಎರಡು ವರ್ಷದವರೆಗೂ ನುಂಗಬೇಕು. ನಿಲ್ಲಿಸಿದ ಮೇಲೆ ಎಷ್ಟೋ ಜನರಿಗೆ ಮತ್ತೆ ಕಲ್ಲು ಕಟ್ಟುತ್ತದೆ. ಆಪರೇಷನ್ ತಡೆಯಲಾರದ ವಯಸ್ಸಾದವರಿಗೆ ಇಟ್ಟುಕೊಂಡ ದಾರಿ ಅದು. 42ರ ಹೆಂಗಸಿಗಲ್ಲ.

ಈಗ ನಿಮ್ಮ ಬೀದಿಯವರ ಕಾಮಾಲೆಗೆ ಬರೋಣ. ಆಪರೇಷನ್ ಮಾಡಿದವರು ತಪ್ಪು ಮಾಡಿದರು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಎಷ್ಟೋ ಸಲ ಆ ಕಲ್ಲು ಆಪರೇಷನ್‌ಗೆ ಮೊದಲೇ ದೊಡ್ಡ ನಾಳಕ್ಕೆ ಹೋಗಿ ಕೂತಿರುತ್ತದೆ. ಈ ಆಪರೇಷನ್‌ಗೆ ಬರುವ ನೂರು ಜನರಲ್ಲಿ ಸುಮಾರು 10 ಜನರಿಗೆ ಹಾಗೆ ಇರುತ್ತದೆ. ಪಿತ್ತಕೋಶ ತೆಗೆದರೂ ನಾಳದ ಕಲ್ಲು ಅಲ್ಲೇ ಉಳಿಯುತ್ತದೆ, ತಿಂಗಳು ಕಳೆದು ಬಣ್ಣ ತೋರಿಸುತ್ತದೆ. ಆದ್ದರಿಂದ ಸಣ್ಣ ಕಲ್ಲಿನವರ ಸುರಕ್ಷತೆಯ ಅರ್ಧ ಕೆಲಸ ಥಿಯೇಟರ್ ಒಳಗೆ ಹೋಗುವ ಮೊದಲೇ ಆಗಬೇಕು.

ಅದಕ್ಕೆ ನಾವು ನೋಡುವುದು ಮೂರು ವಿಷಯ. ರೋಗಿ ಏನು ಹೇಳುತ್ತಾರೆ: ಯಾವಾಗಲಾದರೂ ಕಣ್ಣು ಹಳದಿ ಆಗಿತ್ತಾ, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣ ಬಂದಿತ್ತಾ, ಚಳಿಜ್ವರ ಬಂದಿತ್ತಾ, ಬೆನ್ನಿಗೆ ಹೊಡೆಯುವಂಥ ನೋವು ಇತ್ತಾ. ರಕ್ತ ಏನು ಹೇಳುತ್ತದೆ: ಲಿವರ್ ಹೇಗಿದೆ ಅಂತ ನೋಡುವ ರಕ್ತ ಪರೀಕ್ಷೆಯಾದ ಎಲ್‌ಎಫ್‌ಟಿಯಲ್ಲಿ ಬಿಲಿರುಬಿನ್, ಆಲ್ಕಲೈನ್ ಫಾಸ್ಫಟೇಸ್ ಏರಿವೆಯಾ. ಸ್ಕ್ಯಾನ್ ಏನು ಹೇಳುತ್ತದೆ: ದೊಡ್ಡ ನಾಳ 6 ಮಿಲಿಮೀಟರಿಗಿಂತ ಹಿಗ್ಗಿದೆಯಾ. ಮೂರೂ ಸರಿಯಿದ್ದರೆ ನಾಳದಲ್ಲಿ ಕಲ್ಲಿರುವ ಸಾಧ್ಯತೆ ಬಹಳ ಕಡಿಮೆ, ನೇರ ಆಪರೇಷನ್‌ಗೆ ಹೋಗಬಹುದು. ಒಂದರಲ್ಲಾದರೂ ಅನುಮಾನ ಬಂದರೆ ಎಂಆರ್‌ಸಿಪಿ ಮಾಡಿಸುತ್ತೇವೆ. ಅದು ಎಂಆರ್‌ಐ ಮಿಷನ್‌ನಲ್ಲೇ ಪಿತ್ತನಾಳಗಳ ಚಿತ್ರ ತೆಗೆಯುವ ಪರೀಕ್ಷೆ. ಚುಚ್ಚುವುದಿಲ್ಲ, ಟ್ಯೂಬ್ ಹಾಕುವುದಿಲ್ಲ.

ಇಲ್ಲೊಂದು ಎಚ್ಚರಿಕೆ. ಎಂಆರ್‌ಸಿಪಿ ಒಳ್ಳೆಯ ಪರೀಕ್ಷೆ, ಆದರೆ ತುಂಬಾ ಸಣ್ಣ ಕಲ್ಲು ಅದರ ಕಣ್ಣಿಗೂ ತಪ್ಪುತ್ತದೆ. ನಿಮ್ಮ ಮನೆಯವರದ್ದು ಅದೇ ಸೈಜು. ಬಾಯಿಂದ ಟ್ಯೂಬ್ ಇಳಿಸಿ ಹೊಟ್ಟೆಯ ಒಳಗಿನಿಂದ ಮಾಡುವ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಇದಕ್ಕಿಂತ ಸೂಕ್ಷ್ಮ. ಆದರೆ ಅದು ನಮ್ಮ ಕಡೆ ಸುಲಭಕ್ಕೆ ಸಿಗುವುದಿಲ್ಲ, ಹೆಚ್ಚಿನವರು ಬೆಂಗಳೂರಿಗೇ ಹೋಗಬೇಕು. ರಕ್ತ ಪರೀಕ್ಷೆ ಸರಿಯಿದ್ದವರಿಗೆ ಅದನ್ನು ಮಾಡಿಸಿ ಎಂದು ನಾನು ಹೇಳುವುದಿಲ್ಲ. ಇನ್ನೂ ಒಂದು ವಿಷಯ, ಇದನ್ನು ಜನ ಮರೆಯುತ್ತಾರೆ. ಸಣ್ಣ ಕಲ್ಲು ಕೂತಲ್ಲಿ ಕೂರುವುದಿಲ್ಲ. ಎರಡು ತಿಂಗಳ ಹಿಂದಿನ ಸ್ಕ್ಯಾನ್ ಅವತ್ತಿನ ಕಥೆ ಹೇಳುತ್ತದೆ, ಇವತ್ತಿನದ್ದಲ್ಲ. ಮಧ್ಯದಲ್ಲಿ ಮತ್ತೆ ನೋವು ಬಂದಿದ್ದರೆ ಎಲ್‌ಎಫ್‌ಟಿಯನ್ನು ಆಪರೇಷನ್‌ಗೆ ಮುಂಚೆ ಇನ್ನೊಮ್ಮೆ ಮಾಡಿಸಿ. ಅದಕ್ಕೆ ತಗಲುವುದು ಕೆಲವೇ ನೂರು ರೂಪಾಯಿ. ಒಂದು ಸ್ಕ್ಯಾನಿಗಿಂತ ಅದು ಜಾಸ್ತಿ ಹೇಳುವುದೂ ಉಂಟು.

ನಾಳದಲ್ಲಿ ಕಲ್ಲು ಕಂಡರೆ ಇಆರ್‌ಸಿಪಿ ಮಾಡಿ, ಬಾಯಿಂದ ಇಳಿಸಿದ ಟ್ಯೂಬಿನ ಮೂಲಕವೇ ಅದನ್ನು ಎಳೆದು ತೆಗೆಯುತ್ತಾರೆ. ಆಮೇಲೆ ಪಿತ್ತಕೋಶದ ಆಪರೇಷನ್. ಎರಡರ ನಡುವೆ ತಿಂಗಳು ಬಿಡಬೇಡಿ. ಎರಡು–ಮೂರು ದಿನದೊಳಗೆ ಆದರೆ ಒಳ್ಳೆಯದು. ‘ಇಆರ್‌ಸಿಪಿ ಆಯ್ತು, ನೋವೂ ಹೋಯ್ತು, ಮಾವಿನ ಸೀಸನ್ ಮುಗಿಸಿಕೊಂಡು ಬರ್ತೀವಿ’ ಅಂತ ಹೋದ ಶ್ರೀನಿವಾಸಪುರ ಕಡೆಯವರೊಬ್ಬರು ಸೀಸನ್ ಮಧ್ಯದಲ್ಲೇ ಹಳದಿ ಕಣ್ಣು ಹೊತ್ತು ವಾಪಸ್ ಬಂದರು. ಚೀಲದಲ್ಲಿ ಉಳಿದಿದ್ದ ಮರಿಗಳು ಅಣ್ಣನ ದಾರಿಯನ್ನೇ ಹಿಡಿದಿದ್ದವು.

ಇನ್ನು ಆಪರೇಷನ್ ಒಳಗೆ ಏನು ನಡೆಯುತ್ತದೆ ಎಂದು ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತೆ, ಆದರೆ ನೂಲು ಬಿಚ್ಚುವ ನಿಮಗೆ ಇದು ಬೇರೆಯವರಿಗಿಂತ ಬೇಗ ಅರ್ಥವಾಗುತ್ತದೆ.

1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ಸಣ್ಣ ತೂತುಗಳ ಮೂಲಕ ಮಾಡುವ ಈ ಕೀಹೋಲ್ ಆಪರೇಷನ್ ಮೊದಲು ಮಾಡಿದರು. ನಮ್ಮ ದೇಶದಲ್ಲಿ 1990ರಲ್ಲಿ ಮುಂಬೈಯ ಡಾ. ತೆಹೆಮ್ಟನ್ ಉದ್ವಾಡಿಯಾ ಶುರು ಮಾಡಿದರು. ನಾನು ಕಲಿಯುವಾಗ ಇನ್ನೂ ಹೊಟ್ಟೆ ಉದ್ದಕ್ಕೆ ಕೊಯ್ದು ಮಾಡುವುದೇ ಜಾಸ್ತಿ. ಆಗ ದೊಡ್ಡ ನಾಳವನ್ನು ಎರಡು ಬೆರಳ ನಡುವೆ ಹಿಡಿದು ಸವರಿ ನೋಡುತ್ತಿದ್ದೆವು, ಒಳಗೆ ಕಾಳು ಸಿಗುತ್ತಾ ಅಂತ. ಕೀಹೋಲ್ ಬಂದ ಮೇಲೆ ಗಾಯ ಚಿಕ್ಕದಾಯಿತು, ಜನ ಮಾರನೇ ದಿನ ಮನೆಗೆ ಹೋಗುವಂತಾಯಿತು. ಆದರೆ ಆ ಬೆರಳ ಸ್ಪರ್ಶ ಕಳೆದುಹೋಯಿತು. ಈಗ ಕಣ್ಣಷ್ಟೇ, ಜೊತೆಗೆ ಒಂದಡಿ ಉದ್ದದ ಇಕ್ಕಳ. ಸಣ್ಣ ಕಲ್ಲಿನ ವಿಷಯದಲ್ಲಿ ಇದೊಂದು ನಿಜವಾದ ನಷ್ಟ. ಅದನ್ನು ನಾಜೂಕಿನಿಂದ ತುಂಬಿಕೊಳ್ಳಬೇಕು.

ಹೊಕ್ಕುಳ ಹತ್ತಿರ ಒಂದು, ಎದೆಗೂಡಿನ ಕೆಳಗೆ ಒಂದು, ಬಲಪಕ್ಕದಲ್ಲಿ ಎರಡು, ಹೀಗೆ ನಾಲ್ಕು ತೂತು. ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡ್ ಗಾಳಿ ತುಂಬಿ ಜಾಗ ಮಾಡುತ್ತಾರೆ. ಒಂದು ಇಕ್ಕಳದಿಂದ ಪಿತ್ತಕೋಶವನ್ನು ಹಿಡಿದು ಮೇಲೆತ್ತಬೇಕು. ಮೊದಲ ಪರೀಕ್ಷೆ ಇಲ್ಲೇ. ಚೀಲ ಪಿತ್ತ ತುಂಬಿ ಬಿಗಿದುಕೊಂಡಿದ್ದರೆ ಹಾಗೇ ಗಟ್ಟಿಯಾಗಿ ಹಿಡಿದು ಎಳೆಯಬಾರದು. ಹಿಚುಕಿದರೆ ಒಳಗಿನ ಸಣ್ಣ ಕಲ್ಲು ನಾಳದ ಕಡೆಗೆ ಓಡುತ್ತದೆ, ಇಲ್ಲವಾದರೆ ಚೀಲವೇ ಹರಿಯುತ್ತದೆ. ಸೂಜಿ ಹಾಕಿ ಮೊದಲು ಸ್ವಲ್ಪ ಪಿತ್ತ ಹೀರಿ ಚೀಲವನ್ನು ಸಡಿಲ ಮಾಡಿಕೊಳ್ಳಬೇಕು. ಬಿಸಿನೀರಿನ ಗೂಡಿನಿಂದ ಎಳೆ ಹಿಡಿಯುವಾಗ ನೀವು ಜಗ್ಗುತ್ತೀರಾ? ಜಗ್ಗಿದರೆ ಎಳೆ ತುಂಡಾಗುತ್ತದೆ ಅಂತ ನಿಮ್ಮ ಬೆರಳಿಗೆ ಗೊತ್ತು. ಇಲ್ಲೂ ಅದೇ.

ಆಮೇಲೆ ಕಿರುನಾಳವನ್ನೂ ಪಕ್ಕದ ಸಣ್ಣ ರಕ್ತನಾಳವನ್ನೂ ಕೊಬ್ಬಿನಿಂದ ಬಿಡಿಸುವುದು. ಇಡೀ ಆಪರೇಷನ್‌ನಲ್ಲಿ ಅವಸರ ಮಾಡಬಾರದ ಜಾಗ ಇದು. ಪಿತ್ತಕೋಶಕ್ಕೆ ಹೋಗುವುದು ಎರಡೇ ಎರಡು, ಅವುಗಳ ಹಿಂದೆ ಲಿವರ್ ಸ್ಪಷ್ಟವಾಗಿ ಕಾಣುತ್ತಿದೆ ಎಂದಾಗ ಮಾತ್ರ ಕ್ಲಿಪ್ ಹಾಕಬೇಕು, ಕತ್ತರಿಸಬೇಕು. ಗುರುತು ತಪ್ಪಿ ದೊಡ್ಡ ನಾಳವನ್ನೇ ಕತ್ತರಿಸಿದರೆ ಆಗುವ ಅನಾಹುತದ ಮುಂದೆ ಉಳಿದ ಕಲ್ಲು ಏನೇನೂ ಅಲ್ಲ. ಆದ್ದರಿಂದ ಮೊದಲು ಗುರುತು, ಆಮೇಲೆ ಕಲ್ಲಿನ ಯೋಚನೆ.

ಕಲ್ಲಿನ ಯೋಚನೆ ಹೀಗೆ. ನಾಳ ಬಿಡಿಸಿದ ಕೂಡಲೇ ಪಿತ್ತಕೋಶದ ಬಾಯಿಗೆ ಹತ್ತಿರವಾಗಿ ಒಂದು ಕ್ಲಿಪ್ ಹಾಕಿದರೆ ಚೀಲದ ಕಲ್ಲುಗಳಿಗೆ ಗೇಟ್ ಬಿದ್ದ ಹಾಗೆ. ಮುಂದೆ ಎಷ್ಟು ಎಳೆದಾಡಿದರೂ ಅವು ಕೆಳಗೆ ಇಳಿಯುವುದಿಲ್ಲ. ಆದರೆ ಗೇಟ್ ಹಾಕುವ ಮೊದಲು ಒಂದು ಕೆಲಸ ಇದೆ. ಕಿರುನಾಳದೊಳಗೇ ಒಂದೆರಡು ಕಾಳು ಕೂತಿರಬಹುದು. ಹಾಗಾಗಿ ದೊಡ್ಡ ನಾಳದ ಕಡೆಯಿಂದ ಪಿತ್ತಕೋಶದ ಕಡೆಗೆ ಇಕ್ಕಳದಿಂದ ಮೆತ್ತಗೆ ಒತ್ತುತ್ತಾ ಬರುತ್ತೇವೆ. ಹಾಲು ಕರೆಯುವ ಹಾಗೆ, ದಿಕ್ಕು ಮಾತ್ರ ಉಲ್ಟಾ. ಬೆರಳಿಗೆ ಸಿಗದಿದ್ದರೂ ಇಕ್ಕಳದ ತುದಿಯಲ್ಲಿ ‘ಕಟಕ್’ ಅಂತ ಕಾಳು ಸಿಕ್ಕಿದ್ದು ಗೊತ್ತಾಗುತ್ತದೆ. ಅದನ್ನು ಚೀಲಕ್ಕೆ ವಾಪಸ್ ತಳ್ಳಿ, ಆಮೇಲೆ ಗೇಟ್. ಕಲ್ಲು ಹಿಂದಕ್ಕೆ ಹೋಗದೆ ಹಟ ಹಿಡಿದರೆ ನಾಳದಲ್ಲಿ ಪುಟ್ಟ ಸೀಳು ಮಾಡಿ ಅಲ್ಲಿಂದಲೇ ಹೊರಕ್ಕೆ ಒತ್ತಿ ತೆಗೆಯುತ್ತೇವೆ. ಇದಕ್ಕೆ ಎರಡು ಮೂರು ನಿಮಿಷ ಸಾಕು. ಮಾಡದಿದ್ದರೆ ಕಲ್ಲಿನ ಮೇಲೇ ಕ್ಲಿಪ್ ಕೂತು ಸರಿಯಾಗಿ ಮುಚ್ಚದೇ ಹೋಗಬಹುದು, ಅಥವಾ ಆ ಕಲ್ಲೇ ಕೆಳಗಿನ ತುಂಡಿನಲ್ಲಿ ಉಳಿದು ತಿಂಗಳು ಕಳೆದು ದೊಡ್ಡ ನಾಳಕ್ಕೆ ಇಳಿಯಬಹುದು. ನಿಮ್ಮ ಬೀದಿಯವರ ಕಾಮಾಲೆಗೆ ಇದೂ ಒಂದು ಕಾರಣ ಇದ್ದೀತು.

ಅನುಮಾನ ಉಳಿದರೆ ಟೇಬಲ್ ಮೇಲೇ ನಾಳಕ್ಕೆ ಸಣ್ಣ ಟ್ಯೂಬ್ ತೂರಿಸಿ, ಬಣ್ಣದ ಔಷಧಿ ಬಿಟ್ಟು ಎಕ್ಸ್‌ರೇ ನೋಡಬಹುದು. ಅದಕ್ಕೆ ಕೊಲಾಂಜಿಯೋಗ್ರಾಮ್ ಅಂತಾರೆ. ಇದನ್ನು ಎಲ್ಲರಿಗೂ ಮಾಡಬೇಕೋ, ಅನುಮಾನ ಇದ್ದವರಿಗೆ ಮಾತ್ರವೋ ಎಂದು ಸರ್ಜನ್‌ಗಳು ಇವತ್ತಿಗೂ ಜಗಳ ಆಡುತ್ತಾರೆ. ನಾನು ಎರಡನೇ ಗುಂಪಿನವನು. ಆದರೆ ಸಿ–ಆರ್ಮ್ ಎಕ್ಸ್‌ರೇ ಮಿಷನ್ ಥಿಯೇಟರ್‌ನಲ್ಲಿ ಇದ್ದರೆ ನೆಮ್ಮದಿ. ಮೂಳೆ ಡಾಕ್ಟರು ಇರುವ ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ.

ಇನ್ನು ಚೆಲ್ಲುವ ವಿಷಯ. ಹೌದು, ಚೆಲ್ಲುತ್ತದೆ. ಪಿತ್ತಕೋಶವನ್ನು ಲಿವರ್‌ನಿಂದ ಬಿಡಿಸುವಾಗ, ಅಥವಾ ಹೊರಗೆ ಎಳೆಯುವಾಗ ಚೀಲ ತೂತಾಗುವುದು ಅಪರೂಪವೇನಲ್ಲ. ನನ್ನ ಕೈಯಲ್ಲೂ ಆಗಿದೆ, ಎಲ್ಲ ಸರ್ಜನ್‌ಗಳ ಕೈಯಲ್ಲೂ ಆಗಿರುತ್ತದೆ. ಆಗೇ ಇಲ್ಲ ಅನ್ನುವವರನ್ನು ನಾನು ನಂಬುವುದಿಲ್ಲ. ತೂತಾದ ಮೇಲೆ ಏನು ಮಾಡುತ್ತಾರೆ ಅನ್ನುವುದೇ ಮುಖ್ಯ.

ದೊಡ್ಡ ಕಲ್ಲು ಬಿದ್ದರೆ ಹೆಕ್ಕಬಹುದು. ಸಾಸಿವೆ ಚೆಲ್ಲಿದರೆ? ಅಡುಗೆಮನೆಯಲ್ಲಿ ಸಾಸಿವೆ ಡಬ್ಬಿ ಉರುಳಿದಾಗ ತಕ್ಷಣ ಪೊರಕೆ ಹಿಡಿದರೆ ಒಲೆ ಸಂದಿ, ಸಿಲಿಂಡರ್ ಕೆಳಗೆ ಎಲ್ಲ ಹರಡುತ್ತದೆ. ಇಲ್ಲೂ ಹಾಗೆ. ಗಾಬರಿಯಾಗಿ ನೀರು ಹಾಯಿಸಿದರೆ ಕಲ್ಲುಗಳು ಕರುಳಿನ ಸಂದಿಗೆಲ್ಲ ಹೋಗಿ ಸೇರುತ್ತವೆ. ಮೊದಲು ತೂತನ್ನು ಇಕ್ಕಳದಿಂದ ಹಿಡಿದು ಅಥವಾ ಕ್ಲಿಪ್ ಹಾಕಿ ಮುಚ್ಚಬೇಕು. ಕೆಳಗೆ ಒಂದು ಗಾಜ್ ಬಟ್ಟೆ ಹಾಸಬೇಕು. ಒಳಗೇ ಒಂದು ಪ್ಲಾಸ್ಟಿಕ್ ಚೀಲ ಬಿಚ್ಚಿ, ಕಂಡ ಕಲ್ಲನ್ನೆಲ್ಲ ಆಯ್ದು ಅದಕ್ಕೆ ಹಾಕಬೇಕು. ಪುಡಿಯಂಥದ್ದನ್ನು ದಪ್ಪ ಸಕ್ಷನ್ ಪೈಪಿನಿಂದ ಹೀರಬೇಕು. ಇಷ್ಟಾದ ಮೇಲೆ ನೀರು, ಅದೂ ಸ್ವಲ್ಪ ಸ್ವಲ್ಪವೇ ಹಾಕಿ ಹೀರುತ್ತಾ. ಲಿವರ್ ಹಿಂದಿನ ತಗ್ಗಿನಲ್ಲಿ ಕೊನೆಗೊಮ್ಮೆ ಇಣುಕಬೇಕು. ಕಳ್ಳ ಕಾಳುಗಳು ಅಡಗುವುದು ಅಲ್ಲೇ.

ಎಷ್ಟು ಹುಡುಕಿದರೂ ಒಂದೆರಡು ಉಳಿದರೆ ಏನಾಗುತ್ತದೆ? ಬಹುಪಾಲು ಜನರಿಗೆ ಏನೂ ಆಗುವುದಿಲ್ಲ. ಅದನ್ನು ಹುಡುಕಲು ಹೊಟ್ಟೆ ಕೊಯ್ಯುವುದೂ ತಪ್ಪು. ಬೆರಳೆಣಿಕೆಯ ಕೆಲವರಿಗೆ ಮಾತ್ರ ತಿಂಗಳೋ ವರ್ಷವೋ ಕಳೆದು ಆ ಕಲ್ಲಿನ ಸುತ್ತ ಕೀವು ಕಟ್ಟುತ್ತದೆ. ಪಿತ್ತದಲ್ಲಿ ಮೊದಲೇ ಸೋಂಕು ಇದ್ದವರಿಗೆ, ಕಪ್ಪು ಬಣ್ಣದ ಕಲ್ಲಿನವರಿಗೆ, ತುಂಬಾ ಕಲ್ಲು ಚೆಲ್ಲಿದವರಿಗೆ ಆ ಅಪಾಯ ಜಾಸ್ತಿ. ಕೆಲವು ವರ್ಷದ ಹಿಂದೆ ಒಬ್ಬರು ಬಲ ಸೊಂಟದ ಹತ್ತಿರ ಗಡ್ಡೆ ಅಂತ ಬಂದರು. ಟಿಬಿ ಅಂತ ಬೇರೆ ಕಡೆ ಮಾತ್ರೆ ಶುರುವಾಗಿತ್ತು. ತೆರೆದು ನೋಡಿದರೆ ಕೀವು, ಅದರ ನಡುವೆ ಎರಡು ಪುಟ್ಟ ಕಲ್ಲು. ಪಿತ್ತಕೋಶದ ಆಪರೇಷನ್ ಆಗಿ ಮೂರು ವರ್ಷವಾಗಿತ್ತು. ಡಿಸ್ಚಾರ್ಜ್ ಚೀಟಿಯಲ್ಲಿ ಕಲ್ಲು ಚೆಲ್ಲಿದ ಬಗ್ಗೆ ಒಂದು ಅಕ್ಷರ ಇರಲಿಲ್ಲ. ಇದ್ದಿದ್ದರೆ ಆ ಮನುಷ್ಯ ಟಿಬಿ ಮಾತ್ರೆ ನುಂಗಬೇಕಾಗಿರಲಿಲ್ಲ. ನನಗೆ ಸಿಟ್ಟು ಬಂದದ್ದು ಕಲ್ಲು ಚೆಲ್ಲಿದ್ದಕ್ಕಲ್ಲ, ಬರೆಯದೇ ಇದ್ದದ್ದಕ್ಕೆ.

ಬಿಡಿಸಿದ ಪಿತ್ತಕೋಶವನ್ನು ಪ್ಲಾಸ್ಟಿಕ್ ಚೀಲದೊಳಗಿಟ್ಟೇ ಹೊರತೆಗೆಯಬೇಕು. ರೆಡಿಮೇಡ್ ಚೀಲ ದುಬಾರಿ ಅಂತ ನಮ್ಮಂಥ ಊರುಗಳಲ್ಲಿ ಸ್ಟೆರೈಲ್ ಗ್ಲೌಸನ್ನೇ ಗಂಟು ಹಾಕಿ ಚೀಲ ಮಾಡಿಕೊಳ್ಳುತ್ತೇವೆ. ಅದು ಕಡಿಮೆ ದರ್ಜೆಯದ್ದು ಅಂತ ತಿಳಿಯಬೇಡಿ, ಚೆನ್ನಾಗಿಯೇ ಕೆಲಸ ಮಾಡುತ್ತದೆ. ಹೊಟ್ಟೆಯ ತೂತಿನ ಬಾಯಿ ಬಿಗಿಯಾದರೆ ಎಳೆದಾಡುವ ಬದಲು ಬಾಯನ್ನೇ ಅರ್ಧ ಸೆಂಟಿಮೀಟರ್ ಅಗಲ ಮಾಡುವುದು ಜಾಣತನ. ಚೀಲ ಹರಿದು ಕಲ್ಲು ಹೊಲಿಗೆಯೊಳಗೆ ಸಿಕ್ಕಿಕೊಂಡರೆ ಆ ಗಾಯ ತಿಂಗಳಾದರೂ ಸೋರುತ್ತಲೇ ಇರುತ್ತದೆ.

ಡಾಕ್ಟರನ್ನು ಏನು ಕೇಳಬೇಕು ಅಂದಿರಲ್ಲ. ಪರೀಕ್ಷೆ ಮಾಡುವ ಧಾಟಿಯಲ್ಲಿ ಕೇಳಬೇಡಿ, ನಿಮ್ಮ ಭಯ ಹೇಳಿಕೊಳ್ಳುವ ಹಾಗೆ ಕೇಳಿ. ‘ಸಾರ್, ಕಲ್ಲು ತುಂಬಾ ಸಣ್ಣದು ಅಂದ್ರಲ್ಲ, ನಾಳದಲ್ಲಿ ಇಲ್ಲ ಅಂತ ಹೇಗೆ ಗೊತ್ತಾಗುತ್ತೆ? ಎಲ್‌ಎಫ್‌ಟಿ ಸರಿ ಇದೆಯಾ?’ ಎಂದು ಕೇಳಿ. ‘ಒಂದು ವೇಳೆ ಆಮೇಲೆ ನಾಳದಲ್ಲಿ ಸಿಕ್ಕಿದ್ರೆ ಇಆರ್‌ಸಿಪಿಗೆ ಎಲ್ಲಿಗೆ ಕಳಿಸ್ತೀರಿ?’ ಎಂದು ಕೇಳಿ. ಈ ಎರಡನೇ ಪ್ರಶ್ನೆಗೆ ತಟ್ಟನೆ ಉತ್ತರ ಕೊಡುವವರು ಯೋಚನೆ ಮಾಡಿಟ್ಟುಕೊಂಡವರು. ‘ಏನಾದರೂ ಚೆಲ್ಲಿದ್ರೆ ಚೀಟಿಯಲ್ಲಿ ಬರೆದುಕೊಡಿ ಸಾರ್’ ಎಂದೂ ಹೇಳಿ. ಕಷ್ಟವಾದರೆ ಹೊಟ್ಟೆ ತೆರೆದು ಮಾಡುತ್ತೇವೆ ಎಂದು ಅವರು ಮೊದಲೇ ಹೇಳಿದರೆ ಹೆದರಬೇಡಿ. ಅದನ್ನು ಹೇಳದವರಿಗಿಂತ ಹೇಳುವವರು ವಾಸಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಬಗ್ಗೆ ಮೊದಲು ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ಖಾಸಗಿಗೆ ಸೇರಿದ ಮೇಲೆ ಕೇಳಿದರೆ ತಡವಾಗುತ್ತದೆ.

ಆಪರೇಷನ್ ಆದ ಒಂದೆರಡು ದಿನ ಬಲ ಭುಜ ನೋಯಬಹುದು. ಅದು ತುಂಬಿದ ಗಾಳಿಯದ್ದು, ತಾನಾಗಿ ಹೋಗುತ್ತದೆ. ಒಳಗೆ ಉಳಿಯುವ ಟೈಟಾನಿಯಂ ಕ್ಲಿಪ್ಪಿಗೆ ಏನೂ ಆಗುವುದಿಲ್ಲ, ಮುಂದೆ ಎಂಆರ್‌ಐ ಮಾಡಿಸಬಹುದು. ಮುದ್ದೆ, ಬಸ್ಸಾರು ಎಲ್ಲ ತಿನ್ನಬಹುದು. ಎಣ್ಣೆ, ಬಾಡು ಮೊದಲ ಕೆಲವು ವಾರ ಕಡಿಮೆ ಇರಲಿ. ಆದರೆ ನೋವು ದಿನದಿಂದ ದಿನಕ್ಕೆ ಕಡಿಮೆಯಾಗುವ ಬದಲು ಏರಿದರೆ, ಕಣ್ಣು ಹಳದಿಯಾದರೆ, ಮೂತ್ರ ಕಪ್ಪಾದರೆ, ನಡುಕ ಬಂದು ಜ್ವರ ಬಂದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಮರುದಿನ ನೋಡೋಣ ಅನ್ನಬೇಡಿ. ಮುಖ್ಯವಾಗಿ ಸೊಪ್ಪಿನ ಔಷಧಿ ಹಾಕಿಸಲು ಹೋಗಬೇಡಿ. ವೈರಸ್ಸಿನ ಕಾಮಾಲೆ ಹೆಚ್ಚಿನವರಿಗೆ ತಾನಾಗಿ ವಾಸಿಯಾಗುತ್ತದೆ, ಹೆಸರು ಔಷಧಿಗೆ ಬರುತ್ತದೆ. ಕಲ್ಲು ಅಡ್ಡ ಬಿದ್ದು ಬಂದ ಕಾಮಾಲೆಗೆ, ಅದರಲ್ಲೂ ಜ್ವರ ಜೊತೆಗಿದ್ದರೆ, ಒಂದೊಂದು ದಿನವೂ ದುಬಾರಿ. ಹೀಗೆ ಹದಿನೈದು ದಿನ ಕಳೆದು ಬಂದವರನ್ನು ನಾನು ಉಳಿಸಿಕೊಳ್ಳಲಾಗದ್ದೂ ಇದೆ.

ಕಡೆಯ ಪ್ರಶ್ನೆ, ಕಲ್ಲು ತೋರಿಸುತ್ತಾರಾ? ಕೇಳಿದರೆ ತೋರಿಸುತ್ತಾರೆ, ಸಣ್ಣ ಬಾಟಲಿಯಲ್ಲಿ ಹಾಕಿಯೂ ಕೊಡುತ್ತಾರೆ. ಪಿತ್ತಕೋಶವನ್ನು ಮಾತ್ರ ಮನೆಗೆ ಕೇಳಬೇಡಿ. ಅದು ಬಯಾಪ್ಸಿಗೆ ಲ್ಯಾಬಿಗೆ ಹೋಗಬೇಕು. ನೂರಾರು ಜನರಲ್ಲಿ ಒಬ್ಬರಿಗೆ ಯಾರೂ ಅಂದುಕೊಳ್ಳದ ಕ್ಯಾನ್ಸರ್ ಅದರಲ್ಲಿ ಸಿಗುವುದುಂಟು. ರಿಪೋರ್ಟ್ ಬರಲು ಒಂದು ವಾರ, ಹತ್ತು ದಿನ ಆಗುತ್ತದೆ. ಹೊಲಿಗೆ ತೋರಿಸಲು ಹೋದಾಗ ನೆನಪಿಟ್ಟು ಕೇಳಿ ಇಸ್ಕೊಳ್ಳಿ.